ಆಡೂರಿನ ಕಲ್ಲು, ಲಕ್ಸರಿನ ಗೋಡೆ

ಸಂಕ್ರಾಂತಿ ಮುಗಿದ ಮೂರನೆಯ ದಿನ, ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನು ಮತ್ತು ನಮ್ಮ ಪದ್ದಕ್ಕ ಹಾನಗಲ್ಲಿನಿಂದ ಹೊರಟೆವು. ಹುಬ್ಬಳ್ಳಿಯ ತನಕ ಬಸ್ಸು, ಅಲ್ಲಿಂದ ಮುಂಬಯಿಗೆ ವಿಮಾನ, ಮುಂಬಯಿಯಿಂದ ಕೈರೋ, ಕೈರೋದಿಂದ ಲಕ್ಸರ್. ಇಷ್ಟು ದೂರದ ಪ್ರವಾಸದ ಮೊದಲ ಟಿಕೆಟ್ಟು ಅಕ್ಕನಿಗೆ ಪುಕ್ಕಟೆ. ಹೆಂಗಸರಿಗೆ ಈಗ ಬಸ್ಸಿನಲ್ಲಿ ದುಡ್ಡಿಲ್ಲವಲ್ಲ. ಆ ಚೀಟಿಯನ್ನು ಅವಳು ಪಾಸ್‌ಪೋರ್ಟಿನ ಒಳಗೆ ಮಡಿಚಿಟ್ಟುಕೊಂಡಳು. "ಈಜಿಪ್ತಿಗೆ ಫುಕಟ್ ಹೋದಾಕಿ ನಾನೊಬ್ಬಾಕಿನ ಇರಬೇಕು ನೋಡು" ಎಂದಳು.

ಅಕ್ಕನಿಗೆ ಅರವತ್ತೊಂಬತ್ತು. ಹತ್ತಿಮತ್ತೂರಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತಳಾದವಳು. ಆಡೂರಿನ ನಮ್ಮ ಅಪ್ಪನ ಮನೆಯಲ್ಲೇ ಗಂಡ, ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದಾಳೆ. ನಾನು ಅವಳಿಗಿಂತ ಆರು ವರ್ಷ ಚಿಕ್ಕವನು. ಹಿರೇಕೆರೂರು, ಸವಣೂರು ಎಂದು ಸುತ್ತಿ ಕೊನೆಗೆ ಶಿಗ್ಗಾಂವಿಯಲ್ಲಿ ನೆಲೆ ನಿಂತ ದನದ ಡಾಕ್ಟರು. ಅಕ್ಕ ನನ್ನನ್ನು ಇವತ್ತಿಗೂ ಪರಿಚಯಿಸುವುದು "ಇಂವ ನಮ್ಮ ಗುಂಡೂ, ಎಮ್ಮಿ ಡಾಕ್ಟರ" ಎಂದೇ.

ಈ ಪ್ರವಾಸದ ಹಿಂದೆ ನನ್ನದೊಂದು ಹಂಚಿಕೆ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಡೂರಿನ ಮನೆಯ ಅಂಗಳದಲ್ಲಿ, ತುಳಸಿಕಟ್ಟೆಯಿಂದ ನಾಲ್ಕು ಹೆಜ್ಜೆಗೆ, ಸೊಂಟದೆತ್ತರದ ಒಂದು ಕರಿಕಲ್ಲು ನಿಂತಿದೆ. ಅದರ ಮೇಲೆ ಹಳೆಯ ಕಾಲದ ಕನ್ನಡ ಬರಹ, ಎಂಟು ಸಾಲು. ಒಣಗಿದ್ದಾಗ ಅದು ಬರೀ ಕಲ್ಲು. ಒಂದು ಚೊಂಬು ನೀರು ಹಾಕಿದರೆ ಅಕ್ಷರಗಳು ಕಾಣುತ್ತವೆ, ನೀರು ಆರುತ್ತಲೇ ಮತ್ತೆ ಮರೆಯಾಗುತ್ತವೆ. ನಮ್ಮ ಮನೆತನದ ಮಕ್ಕಳಿಗೆ ಅಕ್ಷರಾಭ್ಯಾಸ ಆಗುವುದು ಅಕ್ಕಿಯ ತಟ್ಟೆಯಲ್ಲಲ್ಲ, ಆ ಕಲ್ಲಿನ ಮುಂದೆ. ಮಗುವಿನ ಬೆರಳು ಹಿಡಿದು ಮೊದಲ ಸಾಲಿನ ಮೇಲೆ ಆಡಿಸುತ್ತಾರೆ. ನನ್ನ ಬೆರಳನ್ನು ಆಡಿಸಿದವನು ಅಪ್ಪ. ಅಪ್ಪ ಹೋದ ಮೇಲೆ ಆ ಕೆಲಸ ಅಕ್ಕನದಾಯಿತು. ಮನೆಯ ಮಕ್ಕಳಷ್ಟೇ ಅಲ್ಲ, ಓಣಿಯ ಮಕ್ಕಳಿಗೂ ಅವಳೇ ಬೆರಳು ಹಿಡಿದಿದ್ದಾಳೆ. ಹಿಂದಿನ ದಿನ ತೆಂಗಿನ ನಾರು, ಸಣ್ಣ ಉಸುಕು, ಹುಣಸೆಹಣ್ಣು ತೆಗೆದುಕೊಂಡು ಮೊದಲ ಸಾಲನ್ನು ಚೆನ್ನಾಗಿ ತಿಕ್ಕಿ ತೊಳೆಯುವುದು ಪದ್ಧತಿ. ಮಗುವಿಗೆ ಅಕ್ಷರ ಸ್ವಚ್ಛ ಕಾಣಬೇಕಲ್ಲ.

ಹೋದ ವರ್ಷ ಶಾಸನ ಓದುವ ಒಬ್ಬ ಮೇಡಂ ಬಂದು ಕಲ್ಲನ್ನು ನೋಡಿದರು. ಇದು ಬಹಳ ಹಳೆಯದು, ಅಂಗಳದಲ್ಲಿ ಬಿಡಬೇಡಿ, ವಸ್ತುಸಂಗ್ರಹಾಲಯಕ್ಕೆ ಕೊಡಿ ಎಂದರು. ಮೊದಲ ಸಾಲನ್ನು ಮಾತ್ರ ಓದಲಾಗಲಿಲ್ಲ. "ಯಾರ ಕಾಲ, ಯಾರು ಕೊಟ್ಟದ್ದು ಎನ್ನುವುದು ಅಲ್ಲೇ ಇರುತ್ತದೆ. ಅದೇ ಹೋಗಿದೆಯಲ್ಲ" ಎಂದು ಪೇಚಾಡಿದರು. ಅಕ್ಕ "ಮಳಿಗೆ ಹೋಗ್ಯದರಿ. ಎಷ್ಟು ಮಳಿಗಾಲ ಕಂಡದ ಅದು" ಎಂದಳು. ಆಮೇಲೆ ಒಪ್ಪಿಗೆಯ ಕಾಗದ ಬಂತು. ಮನೆ ಇಬ್ಬರ ಹೆಸರಿನಲ್ಲಿರುವುದರಿಂದ ನಮ್ಮಿಬ್ಬರ ಸಹಿಯೂ ಬೇಕು. ನಾನು ಕೊಡೋಣ ಎಂದೆ, ಅಕ್ಕ ಒಲ್ಲೆ ಎಂದಳು. ವಸಂತ ಪಂಚಮಿಗೆ ಮೊಮ್ಮಗಳು ಅನ್ವಿಯ ಅಕ್ಷರಾಭ್ಯಾಸ ಆ ಕಲ್ಲಿನ ಮೇಲೆ ಆಗಲೇಬೇಕು, ಆಮೇಲೂ ಕಲ್ಲು ಎಲ್ಲಿಗೂ ಹೋಗಕೂಡದು ಎಂದು ಹಟ ಹಿಡಿದಳು. ಎಂಟು ತಿಂಗಳು ನಾವಿಬ್ಬರೂ ಈ ಮಾತಿಗೆ ಮುಖ ಕೆಡಿಸಿಕೊಂಡೆವು. ಕಲ್ಲನ್ನು ಕಾಪಾಡುವುದು ಎಂದರೇನು ಎಂದು ಅವಳಿಗೆ ಕಣ್ಣಾರೆ ತೋರಿಸಿದರೆ ಕರಗಿಯಾಳು ಎಂದು ಈ ಪ್ರವಾಸ ಗೊತ್ತು ಮಾಡಿದೆ. ಕಾಗದವನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಹಂಚಿಕೆ ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ತಡಸ ದಾಟುವಾಗ ಅವಳು ಕಿಟಕಿಯ ಆಚೆ ನೋಡುತ್ತಲೇ "ಕಾಗದ ತಂದೀ ಹೌದಲ್ಲೋ?" ಎಂದಳು. ನಾನು ಕೇಳಿಸದವನಂತೆ ಚೀಲವನ್ನು ಕಾಲ ಬುಡಕ್ಕೆ ಸರಿಸಿದೆ.

ಮುಂಬಯಿಯಿಂದ ಕೈರೋಕ್ಕೆ ಆರು ತಾಸು, ಅಲ್ಲಿಂದ ಲಕ್ಸರಿಗೆ ಒಂದು ತಾಸಿನ ಚಿಕ್ಕ ವಿಮಾನ. ಮರುದಿನ ಮಧ್ಯಾಹ್ನ ಇಳಿದಾಗ ಬಿಸಿಲು ನಮ್ಮ ಕಾರ್ತೀಕದ ಬಿಸಿಲಿನಷ್ಟೇ ಹಿತವಾಗಿತ್ತು. ವಿಮಾನದ ಕಿಟಕಿಯಿಂದ ಕಂಡದ್ದು ಇಷ್ಟು: ಬೂದುಬಣ್ಣದ ಮರಳುಗಾಡು, ನಡುವೆ ನೈಲ್ ನದಿ, ಅದರ ಎರಡೂ ಮಗ್ಗುಲಿಗೆ ಹಸಿರಿನ ಅಂಚು. ಆ ಅಂಚು ಎಲ್ಲಿ ಮುಗಿಯುತ್ತದೆ ಎನ್ನುವುದನ್ನು ಬೆರಳಿಟ್ಟು ತೋರಿಸಬಹುದಿತ್ತು. ಹಸಿರಿನಲ್ಲಿ ಒಂದು ಕಾಲು, ಮರಳಿನಲ್ಲಿ ಒಂದು ಕಾಲು ಇಟ್ಟು ನಿಲ್ಲಬಹುದು, ಅಷ್ಟು ಖಡಾಖಂಡಿತ.

ನಮ್ಮ ಮಾರ್ಗದರ್ಶಿಯ ಹೆಸರು ಹಸನ್. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಮಾತಿನಲ್ಲಿ ಅವಸರವಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಕ್ಕನಿಗೆ ಕನ್ನಡ ಮಾಡಿ ಹೇಳುತ್ತಿದ್ದೆ. ಹೋಟೆಲಿಗೆ ಬಂದ ಕೂಡಲೇ ಕೆಂಪು ಶರಬತ್ತು ಕೊಟ್ಟರು. ಅಕ್ಕ ಒಂದು ಗುಟುಕು ಕುಡಿದು ನಾಲಿಗೆ ಚಪ್ಪರಿಸಿದಳು. "ಗುಂಡೂ, ಇದು ನಮ್ಮ ಪುಂಡಿ ಅಲ್ಲೇನು?" ಹಸನ್ ಒಣಗಿದ ಹೂವು ತರಿಸಿ ತೋರಿಸಿದರು. ಪುಂಡಿಯ ಬಳಗದ್ದೇ ಹೂವು, ಅದೇ ಹುಳಿ. ನಾವು ಸೊಪ್ಪು ತಿಂದು ಹೂವು ಬಿಡುತ್ತೇವೆ, ಅವರು ಹೂವು ಕುದಿಸಿ ಕುಡಿಯುತ್ತಾರೆ. ಆ ಹೊತ್ತಿನಿಂದ ಅಕ್ಕನಿಗೆ ಈಜಿಪ್ತು ಪರದೇಶ ಅನಿಸಲಿಲ್ಲ. ಊಟದ್ದು ಮಾತ್ರ ಪಂಚಾಯಿತಿ. ಅಕ್ಕ ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನುವುದಿಲ್ಲ. ಅವಿಲ್ಲದ ಅಡುಗೆ ಅಲ್ಲಿ ಸಿಗುವುದು ಕಷ್ಟ. ಅವಳು ಅವಲಕ್ಕಿ, ಚಟ್ನಿಪುಡಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ಅಲ್ಲಿಯ ದುಂಡನೆಯ ಗೋಧಿ ರೊಟ್ಟಿಗೆ ಚಟ್ನಿಪುಡಿ ಹಚ್ಚಿ ತಿಂದೆವು. ಹಸನ್ ಕೂಡ ಒಂದು ತುಂಡು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಕೇಳಿದರು.

ಮರುದಿನ ಬೆಳಿಗ್ಗೆ ಆರೂವರೆಗೆ ಎಚ್ಚರವಾದಾಗ ಅಕ್ಕ ಮಿಂದು, ಚೊಂಬು ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದಳು. ಮನೆಯಲ್ಲಿ ಸ್ನಾನದ ಬಳಿಕ ಮೊದಲ ಚೊಂಬು ತುಳಸಿಗೆ, ಎರಡನೆಯದು ಕಲ್ಲಿಗೆ. "ಸೊಸಿ ನೀರು ಹಾಕಿರ್ತಾಳೋ ಇಲ್ಲೋ" ಎಂದು ನದಿಯ ಆಚೆ ದಂಡೆಯ ಗುಡ್ಡಗಳನ್ನು ನೋಡುತ್ತ ಹೇಳಿದಳು. ಗುಡ್ಡಗಳ ಮೇಲೆ ಆಗ ತಾನೇ ಬೆಳಕು ಬೀಳುತ್ತಿತ್ತು. ಎರಡು ಕಡೆ ದೊಡ್ಡ ಬಲೂನುಗಳು ಏಳುತ್ತಿದ್ದವು. ಎಂಟು ತಿಂಗಳು ಅವಳ ಜೊತೆ ಮಾಡಿದ ವಾದವೆಲ್ಲ ಆಗ ನನಗೆ ಸ್ವಲ್ಪ ಕ್ರೂರ ಅನಿಸಿತು.

ಅಂದು ನೋಡಿದ್ದು ಲಕ್ಸರಿನ ಗುಡಿ. ಹೋಟೆಲಿನಿಂದ ನದಿಯ ದಂಡೆಗುಂಟ ನಡೆದರೆ ಇಪ್ಪತ್ತು ನಿಮಿಷ. ದಾರಿಯುದ್ದಕ್ಕೂ ಕುದುರೆ ಗಾಡಿಯವರು ಕರೆಯುತ್ತಾರೆ. ನನ್ನ ಕಣ್ಣು ಮೊದಲು ಹೋದದ್ದು ಕುದುರೆಗಳ ಕಾಲಿಗೆ. ಒಂದರ ಲಾಳ ಸಡಿಲವಾಗಿತ್ತು, ಗಾಡಿಯವನಿಗೆ ಸನ್ನೆಯಲ್ಲಿ ತೋರಿಸಿದೆ. ಅವನು ಎದೆ ಮುಟ್ಟಿಕೊಂಡು ಸಲಾಂ ಮಾಡಿದ. "ನೀ ಎಲ್ಲಿ ಹೋದರೂ ದನದ ಡಾಕ್ಟರನ" ಎಂದು ಅಕ್ಕ ನಕ್ಕಳು. ಗುಡಿಯ ಬಾಗಿಲಲ್ಲಿ ಅವಳು ಚಪ್ಪಲಿ ಬಿಟ್ಟಳು. ಹಸನ್ ಬೇಡವೆಂದರೂ ಕೇಳದೆ, ಚಪ್ಪಲಿಯನ್ನು ಕೈಚೀಲದಲ್ಲಿಟ್ಟುಕೊಂಡು ಅಷ್ಟು ಹೊತ್ತೂ ಬರಿಗಾಲಲ್ಲೇ ನಡೆದಳು. ದೇವರಿಲ್ಲದ ಗುಡಿ ಎಂದು ನಾನಂದೆ. "ದೇವರು ಇದ್ದ ಜಾಗ ಹೌದಲ್ಲ? ಅಷ್ಟ ಸಾಕು" ಎಂದಳು.

ಆ ಗುಡಿಯ ಹೆಬ್ಬಾಗಿಲಿನ ಮುಂದೆ ಒಂದೇ ಕಲ್ಲಿನಲ್ಲಿ ಕಡೆದ, ಆಕಾಶಕ್ಕೆ ಚೂಪಾಗಿ ಏರಿದ ಕಂಬವಿದೆ. ನಾಲ್ಕೂ ಮುಖಕ್ಕೆ ಚಿತ್ರಲಿಪಿ. ಅಂಥವು ಎರಡು ಇದ್ದವಂತೆ. ಇನ್ನೊಂದನ್ನು ಇನ್ನೂರು ವರ್ಷಗಳ ಹಿಂದೆ ಆಗಿನ ದೊರೆ ಫ್ರಾನ್ಸಿಗೆ ಕಾಣಿಕೆ ಕೊಟ್ಟ, ಅದು ಈಗ ಪ್ಯಾರಿಸಿನ ಚೌಕದಲ್ಲಿದೆ. ಬದಲಿಗೆ ಬಂದ ಗಡಿಯಾರ ಕೈರೋದಲ್ಲಿದೆ. "ಅದು ಸರಿಯಾಗಿ ನಡೆದದ್ದು ಕಡಿಮೆ" ಎಂದು ಹಸನ್ ನಗದೆ ಹೇಳಿದರು. ಬಾಗಿಲಿನ ಬಲಕ್ಕೆ ಬರಿಯ ಪೀಠ ಉಳಿದಿದೆ.

ನಾನು ಆ ಪೀಠದ ಮುಂದೆ ಬಹಳ ಹೊತ್ತು ನಿಂತೆ. ಪ್ಯಾರಿಸಿನಲ್ಲಿ ಆ ಕಂಬಕ್ಕೆ ಒಳ್ಳೆಯ ಕಾವಲಿರಬಹುದು, ಪ್ರತಿದಿನ ಸಾವಿರ ಜನ ನೋಡಬಹುದು. ಆದರೆ ಇಲ್ಲಿ ಜೋಡಿ ಮುರಿದಿದೆ. ಆಡೂರಿನ ಅಂಗಳದಲ್ಲಿ ತುಳಸಿಕಟ್ಟೆಯ ಪಕ್ಕ ಮಣ್ಣು ತುಂಬಿದ ಗುಂಡಿಯೊಂದು ಕಣ್ಣಿಗೆ ಕಟ್ಟಿತು. ಆ ಗುಂಡಿಯನ್ನು ನಾನು ಅಲ್ಲಿಯ ತನಕ ಯೋಚಿಸಿರಲೇ ಇಲ್ಲ. ಕೊಡುವುದು ಎಂದರೆ ಕಾಗದ, ಸಹಿ, ಗಾಡಿ, ಅಷ್ಟೇ ಅಂದುಕೊಂಡಿದ್ದೆ. ಚೀಲದೊಳಗಿನ ಒಪ್ಪಿಗೆ ಕಾಗದದ ಬಗ್ಗೆ ಮೊದಲ ಬಾರಿಗೆ ನನಗೇ ನಾಚಿಕೆಯಾಯಿತು. ಅಕ್ಕನಿಗೆ ಅದನ್ನು ಹೇಳುವಷ್ಟು ದೊಡ್ಡ ಮನಸ್ಸು ಮಾತ್ರ ಇರಲಿಲ್ಲ. ಸೋತೆ ಎಂದಂತಾಗುತ್ತದಲ್ಲ.

ಒಳಗೆ ಒಂದು ಮಸೀದಿ ಇದೆ. ಅದರ ಹಳೆಯ ಬಾಗಿಲು ನಮ್ಮ ತಲೆಯ ಮೇಲೆ ಎಷ್ಟೋ ಎತ್ತರದಲ್ಲಿ, ಮೆಟ್ಟಿಲಿಲ್ಲದೆ ನೇತಾಡುತ್ತದೆ. ಗುಡಿ ಮಣ್ಣಲ್ಲಿ ಹೂತಿದ್ದ ಕಾಲಕ್ಕೆ ಅದೇ ನೆಲಮಟ್ಟ. ಮಣ್ಣು ತೆಗೆದ ಮೇಲೆ ಬಾಗಿಲು ಗಾಳಿಯಲ್ಲಿ ಉಳಿಯಿತು. ಅಲ್ಲಿ ಈಗಲೂ ನಮಾಜು ನಡೆಯುತ್ತದೆ, ಬೇರೆ ಕಡೆಯಿಂದ ದಾರಿ ಮಾಡಿದ್ದಾರೆ. ಅಕ್ಕ ಅದನ್ನು ನೋಡಿ "ಯಾರೂ ಯಾರನ್ನೂ ಎಬ್ಬಿಸಿ ಕಳಸಿಲ್ಲ, ಛಲೋ ಆತು" ಎಂದಳು. ಆ ಮಾತು ನನಗೇ ಹೇಳಿದ್ದೆಂದು ಅನಿಸಿತು.

ಮೂರನೆಯ ದಿನ ಕಾರ್ನಾಕಿನ ದೊಡ್ಡ ಗುಡಿ. ಲಕ್ಸರಿನ ಗುಡಿಯಿಂದ ಮೂರು ಕಿಲೋಮೀಟರು. ಕಂಬಗಳ ದೊಡ್ಡ ಹಜಾರದಲ್ಲಿ ನಿಂತರೆ ಕುತ್ತಿಗೆ ನೋಯುತ್ತದೆ. ನಾವಿಬ್ಬರು ಕೈಕೈ ಹಿಡಿದು ಒಂದು ಕಂಬವನ್ನು ತಬ್ಬುವ ಲೆಕ್ಕ ಹಾಕಿದೆವು. ಇನ್ನೂ ಏಳೆಂಟು ಜನ ಬೇಕಿತ್ತು. ಕೊಳದ ಪಕ್ಕದಲ್ಲಿ ಕಲ್ಲಿನ ದೊಡ್ಡ ಜೀರುಂಡೆಯೊಂದಿದೆ, ಅದನ್ನು ಏಳು ಸುತ್ತು ಸುತ್ತಿದರೆ ಒಳ್ಳೆಯದಾಗುತ್ತದೆ ಎಂದು ಪ್ರವಾಸಿಗಳೆಲ್ಲ ಎಡಕ್ಕೆ ತಿರುಗಿ ಸುತ್ತುತ್ತಿದ್ದರು. ಅಕ್ಕ ಪ್ರದಕ್ಷಿಣೆಯ ಹಾಗೆ ಬಲಕ್ಕೆ ಹೊರಟಳು. ಎದುರು ಬಂದವರೆಲ್ಲ ಅವಳಿಗೆ ಡಿಕ್ಕಿ ಹೊಡೆಯತೊಡಗಿದರು. ಅವಳು ಒಬ್ಬೊಬ್ಬರಿಗೂ "ಹಂಗಲ್ಲರಿ, ಹಿಂಗ ಬರ್ರಿ" ಎಂದು ಕೈ ತೋರಿಸಿದಳು. ಇಬ್ಬರು ಜಪಾನಿ ಹೆಂಗಸರು ಅವಳ ಹಿಂದೆ ತಿರುಗಿ ಬಂದದ್ದನ್ನು ನಾನು ನೋಡಿದ್ದೇನೆ.

ತಪ್ಪಾದದ್ದು ಅದಾದ ಮೇಲೆ. ಗೋಡೆಯ ಬದಿಗೆ, ಬಯಲಿನಲ್ಲಿ, ಬಿದ್ದ ಕಲ್ಲುಗಳನ್ನು ಸಾಲಾಗಿ ಜೋಡಿಸಿದ್ದರು. ನಾನು ಹಸನ್ ಜೊತೆ ಮಾತಾಡುತ್ತ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದೆ. ಹಿಂದಿನಿಂದ ಕೂಗು ಕೇಳಿಸಿತು. ತಿರುಗಿ ನೋಡಿದರೆ ನಿಲುವಂಗಿ ತೊಟ್ಟ ಮುದುಕ ಕಾವಲುಗಾರನೊಬ್ಬ ಎರಡೂ ಕೈ ಬೀಸುತ್ತ ಓಡಿಬರುತ್ತಿದ್ದ. ಅಕ್ಕ ಒಂದು ಕಲ್ಲಿನ ಮುಂದೆ ಬಗ್ಗಿ, ಕುಡಿಯುವ ನೀರಿನ ಬಾಟಲಿಯನ್ನು ಅದರ ಮೇಲೆ ಸಾವಕಾಶವಾಗಿ ಸುರಿಯುತ್ತಿದ್ದಳು. ಕಾವಲುಗಾರ ಬಾಟಲಿಯನ್ನು ಕಿತ್ತುಕೊಂಡ. ಅಕ್ಕ ಗಾಬರಿಯಾಗಲಿಲ್ಲ, ಬದಲಿಗೆ ಅವನಿಗೇ ವಿವರಿಸತೊಡಗಿದಳು.

"ಅಕ್ಷರ ಕಾಣಾಕತ್ತಿದ್ದಿಲ್ಲರಿ. ನೀರು ಹಾಕಿದ್ರ ಕಾಣತಾವ. ನಮ್ಮ ಮನ್ಯಾಗ ದಿನಾ ಹಾಕ್ತೇವಿ."

ನಾನು ಅದನ್ನು ಇಂಗ್ಲಿಷಿಗೆ ಮಾಡಿದೆ, ಹಸನ್ ಅರಬ್ಬಿಗೆ ಮಾಡಿದರು. ಮುದುಕನ ಸಿಟ್ಟು ಇಳಿದದ್ದು ಮುಖದಲ್ಲೇ ಕಂಡಿತು. ಅವನು ಪಕ್ಕದ ಗೋಡೆಯ ಬುಡಕ್ಕೆ ನಮ್ಮನ್ನು ಕರೆದೊಯ್ದು, ಬೆರಳು ತಾಗಿಸದೆ ತೋರಿಸಿದ. ಕಲ್ಲಿನ ಮೈಯಿಂದ ಬಿಳಿಯ ಹಕ್ಕಳೆ ಎದ್ದಿತ್ತು. ಈ ಮರಳುಗಲ್ಲಿನ ಹೊಟ್ಟೆಯಲ್ಲಿ ಉಪ್ಪಿದೆ, ನೀರು ತಾಗಿದರೆ ಮೇಲೆ ಬರುತ್ತದೆ, ಆರಿದ ಮೇಲೆ ಚಿತ್ರ ಸಮೇತ ಉದುರುತ್ತದೆ ಎಂದು ಹಸನ್ ತಿಳಿಸಿ ಹೇಳಿದರು. ಅಕ್ಕ ಮುದುಕನಿಗೆ ಕೈಮುಗಿದಳು. "ಗೊತ್ತಿಲ್ಲದ ಮಾಡಿದೆ, ತಪ್ಪಾತಪ್ಪಾ" ಎಂದಳು. ಅದನ್ನು ಯಾರೂ ಭಾಷಾಂತರಿಸಬೇಕಾಗಲಿಲ್ಲ.

ಹೊರಗೋಡೆಯ ಪಕ್ಕದಲ್ಲಿ ಹೋಗುವಾಗ ಅಕ್ಕ ಮತ್ತೆ ನಿಂತಳು. ಆಳೆತ್ತರದ ಕೆಳಗೆ, ಕೈಗೆ ನಿಲುಕುವಷ್ಟು ಮಟ್ಟದಲ್ಲಿ, ಕಲ್ಲಿನಲ್ಲಿ ಉದ್ದುದ್ದ ತಗ್ಗುಗಳಿದ್ದವು. ಒಂದರ ಪಕ್ಕ ಒಂದು, ಎಷ್ಟೋ. ಹೆಬ್ಬೆರಳು ಹುಗಿಯುವಷ್ಟು ಆಳ. ತಗ್ಗುಗಳಿಗಿಂತ ಮೇಲಿನ ಚಿತ್ರಗಳು ಗಟ್ಟಿಮುಟ್ಟಾಗಿದ್ದವು.

"ಇದನ್ನ ಮಳಿ ಕೊರದದ ಏನು?" ಎಂದು ಕೇಳಿದಳು.

ಹಸನ್ ನಕ್ಕರು. ಲಕ್ಸರಿನಲ್ಲಿ ಮಳೆಯೇ ಇಲ್ಲ, ಅವರ ಎಂಟು ವರ್ಷದ ಮಗಳು ಸರಿಯಾದ ಮಳೆಯನ್ನು ಒಂದೇ ಸಲ ನೋಡಿದ್ದಾಳೆ, ಅವತ್ತು ಶಾಲೆ ಬಿಟ್ಟು ಎಲ್ಲರೂ ಬೀದಿಗೆ ಬಂದಿದ್ದರಂತೆ. ಈ ತಗ್ಗುಗಳು ಭಕ್ತರು ಮಾಡಿದ್ದು. ಗುಡಿಯ ಕಲ್ಲಿನ ಪುಡಿಯಲ್ಲಿ ಶಕ್ತಿ ಇದೆಯೆಂದು ನೂರಾರು ವರ್ಷ ಜನ ಬಂದು ಕೆರೆದು ಒಯ್ದರು. ಮಕ್ಕಳಾಗದವರು, ಜಡ್ಡಾದವರು. ಗುಡಿಯನ್ನು ಹಾಳು ಮಾಡಬೇಕು ಎಂದು ಒಬ್ಬರೂ ಬಂದವರಲ್ಲ ಎಂದರು.

ನಾನು ಇದನ್ನೆಲ್ಲ ಕನ್ನಡ ಮಾಡಿ ಹೇಳುವಾಗ ಅಕ್ಕ ನನ್ನ ಕಡೆ ನೋಡಲಿಲ್ಲ. ಅವಳ ಬಲಗೈ ತಗ್ಗಿನ ಕಡೆಗೆ ಹೋಯಿತು, ಮುಟ್ಟುವ ಮೊದಲೇ ಹಿಂದಕ್ಕೆ ಬಂತು. ಆಮೇಲೆ ಅವಳು ಗೋಡೆಯ ನೆರಳಲ್ಲಿ ನೆಲಕ್ಕೇ ಕುಳಿತುಬಿಟ್ಟಳು. ಬಿಸಿಲು ತಾಗಿತೇನೋ ಎಂದು ನಾನು ನಾಡಿ ಹಿಡಿಯಲು ಹೋದೆ. ಕೈ ಸರಿಸಿದಳು.

"ಗುಂಡೂ, ನಮ್ಮ ಕಲ್ಲಿಗೆ ಎಂಟು ಸಾಲು ಅವ. ಮಳಿ ಬಂದ್ರ ಎಂಟಕ್ಕೂ ಬರ್ತದ. ಮತ್ತ ಮೊದಲನೇದ ಒಂದ ಯಾಕ ಹೋತು?"

ಉತ್ತರ ಇಬ್ಬರಿಗೂ ಗೊತ್ತಾಗಿತ್ತು.

"ಮ್ಯಾಡಂಗ ಮಳಿ ಮ್ಯಾಲ ಹಾಕಿ ಹೇಳಿದ್ನಲ್ಲ. ನಾನ ತಿಕ್ಕೇನೋ. ನಲವತ್ತು ವರ್ಷ ನಾರು, ಉಸುಕು ಹಚ್ಚಿ ನಾನ ತಿಕ್ಕೇನಿ. ಅಪ್ಪನ ಕಾಲಕ್ಕ ಆ ಸಾಲು ಕಾಣತಿತ್ತು. ನಾ ಓದಿಲ್ಲ ಖರೆ, ಆದ್ರ ಕಾಣತಿತ್ತು." ಅವಳು ಅತ್ತಳು. ಅಪ್ಪ ತೀರಿಕೊಂಡಾಗ ಬಿಟ್ಟರೆ ಅವಳು ನನ್ನೆದುರು ಅತ್ತದ್ದು ಅಂದೇ. ನಾನೂ ಅವಳ ಪಕ್ಕ ನೆಲಕ್ಕೆ ಕುಳಿತೆ. ಹಸನ್ ಸ್ವಲ್ಪ ದೂರ ಹೋಗಿ ಬೆನ್ನು ತಿರುಗಿಸಿ ನಿಂತರು.

ನಾಲ್ಕನೆಯ ದಿನ ನದಿ ದಾಟಿ ಪಡುವಣ ದಂಡೆಗೆ ಹೋದೆವು. ದೊರೆಗಳ ಸಮಾಧಿಗಳಿರುವ ಕಣಿವೆ. ಇಳಿಜಾರಿನಲ್ಲಿ ನಡೆದು ಒಳಗೆ ಹೋದರೆ ಗೋಡೆ ತುಂಬ ಚಿತ್ರ. ಬಣ್ಣ ನಿನ್ನೆ ಮೊನ್ನೆ ಬಳಿದ ಹಾಗಿದೆ. ಎಷ್ಟೋ ಕಡೆ ಗೋಡೆಗೂ ನಮಗೂ ನಡುವೆ ಗಾಜು. ನಾನು ಬಂದದ್ದೇ ಅಕ್ಕನಿಗೆ ಈ ಗಾಜನ್ನು ತೋರಿಸಲಿಕ್ಕೆ. ತೋರಿಸುವ ಉಮೇದು ಈಗ ನನ್ನಲ್ಲಿ ಇರಲಿಲ್ಲ. ಅಕ್ಕ ತಾನಾಗಿಯೇ ಗಾಜಿನ ಹತ್ತಿರ ಹೋಗಿ, ಉಸಿರು ತಾಗೀತೆಂದು ಸೆರಗನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಮರಳುವಾಗ ದೋಣಿಯಲ್ಲಿ ನಾವಿಬ್ಬರೇ ಒಂದು ಹಲಗೆಯ ಮೇಲೆ ಕುಳಿತಿದ್ದೆವು. ಗಾಳಿ ತಣ್ಣಗಿತ್ತು. "ಕಾಗದ ತಗೀ" ಎಂದಳು ಅಕ್ಕ.

"ಬ್ಯಾಡಕ್ಕ. ನನಗ ಈಗ ಮನಸಿಲ್ಲ" ಎಂದೆ. ಬರಿಯ ಪೀಠದ ಮುಂದೆ ನಿಂತಾಗ ಅನಿಸಿದ್ದನ್ನೆಲ್ಲ ಹೇಳಿದೆ. "ಕಲ್ಲು ಹೋದ್ರ ಅಂಗಳದಾಗ ಗುಂಡಿ ಉಳೀತದ. ಅಪ್ಪ ನನ್ನ ಬಟ್ಟು ಹಿಡದದ್ದು ಅಲ್ಲೇ."

"ಗುಂಡಿ ಉಳೀಲಿ" ಎಂದಳು. "ಇನ್ನೂ ಏಳು ಸಾಲು ಅವಲ್ಲ. ಅವು ಉಳೀಬೇಕೋ ಬ್ಯಾಡೋ? ಅಂಗಳದಾಗ ಇದ್ರ ನಾ ಸುಮ್ಮನ ಕೂಡಾಕಿ ಅಲ್ಲ. ಇನ್ನೊಂದು ಕೂಸು ಬಂದ್ರ ಮತ್ತ ನಾರು ಹಿಡೀತೇನಿ. ನನ್ನ ಕೈ ನನಗ ಗೊತ್ತದ."

ಎಂಟು ತಿಂಗಳು ಜಗಳಾಡಿದ ನಾವು ದೋಣಿ ದಂಡೆಗೆ ಬರುವಷ್ಟರಲ್ಲಿ ಜಾಗ ಅದಲುಬದಲು ಮಾಡಿಕೊಂಡಿದ್ದೆವು. ಅಕ್ಕ ತೊಡೆಯ ಮೇಲೆ ಕಾಗದ ಇಟ್ಟು, ಮಾಸ್ತರಿಕೆಯ ದುಂಡನೆಯ ಅಕ್ಷರದಲ್ಲಿ ಸಹಿ ಮಾಡಿದಳು. ಪೆನ್ನನ್ನು ನನ್ನ ಕೈಗೆ ಕೊಟ್ಟಳು. ನಾನು ಮುಚ್ಚಳ ಹಾಕಿ ಜೇಬಿನಲ್ಲಿಟ್ಟೆ. ಊರಿಗೆ ಹೋದ ಮೇಲೆ ನೋಡೋಣ ಎಂದೆ. ಅವಳು ಒತ್ತಾಯ ಮಾಡಲಿಲ್ಲ.

ಮರಳಿ ಹೊರಡುವ ದಿನ ಅಕ್ಕ ಹಸನ್ ಅವರಿಗೆ ಉಳಿದ ಚಟ್ನಿಪುಡಿಯ ಡಬ್ಬಿ ಕೊಟ್ಟಳು. ಅವರು ಒಂದು ಪೊಟ್ಟಣ ಒಣಗಿದ ಹೂವು ಕೊಟ್ಟರು. ವಿಮಾನ ಏರಿದಾಗ ಮತ್ತೆ ಆ ಹಸಿರಿನ ಅಂಚು, ಅದರಾಚೆ ಮರಳು. ಮುಂಬಯಿಯಲ್ಲಿ ಎಂಟು ತಾಸು ಕಾದು, ಹುಬ್ಬಳ್ಳಿಗೆ ಬಂದು, ಮತ್ತೆ ತಡಸದ ಮೇಲಿಂದ ಹಾನಗಲ್ಲ ಬಸ್ಸು. ಅಕ್ಕನಿಗೆ ಈ ಸಲವೂ ಪುಕ್ಕಟೆ ಚೀಟಿ. ಅದನ್ನು ಅವಳು ನೋಡದೆ ಚೀಲಕ್ಕೆ ಹಾಕಿದಳು.

ವಸಂತ ಪಂಚಮಿಯ ಬೆಳಿಗ್ಗೆ ನಾನು ಶಿಗ್ಗಾಂವಿಯಿಂದ ಆಡೂರಿಗೆ ಬೇಗ ಹೋದೆ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಕಲ್ಲನ್ನು ಹಿಂದಿನ ದಿನ ತಿಕ್ಕಿರಲಿಲ್ಲ. ಅನ್ವಿ ಹಸಿರು ಲಂಗ ತೊಟ್ಟು ಕುಣಿಯುತ್ತಿದ್ದಳು. ಅಕ್ಕ ಒಂದು ಚೊಂಬು ನೀರನ್ನು ಕಲ್ಲಿನ ಮೇಲೆ ನಿಧಾನವಾಗಿ ಬಿಟ್ಟಳು. ಎರಡನೆಯ ಸಾಲಿನಿಂದ ಕೆಳಗೆ ಅಕ್ಷರಗಳು ಒಂದೊಂದಾಗಿ ಎದ್ದವು. ಮೊದಲ ಸಾಲಿನ ಜಾಗದಲ್ಲಿ ಕಲ್ಲು ನುಣ್ಣಗೆ ಹೊಳೆಯಿತು.

ಅಕ್ಕ ಕೂಸಿನ ಹಿಂದೆ ಮೊಣಕಾಲೂರಿ ಕುಳಿತು ಅವಳ ಬೆರಳು ಹಿಡಿದಳು. ಬೆರಳನ್ನು ಕಲ್ಲಿನ ತನಕ ಒಯ್ದು, ಒಂದು ಗೇಣು ಈಚೆಗೇ ನಿಲ್ಲಿಸಿದಳು. ಅಲ್ಲಿ, ಗಾಳಿಯಲ್ಲಿ, ಎರಡನೆಯ ಸಾಲಿನ ಮೊದಲ ಅಕ್ಷರವನ್ನು ಬರೆಸಿದಳು.

"ಅಜ್ಜಿ, ಮುಟ್ಟಲೇನು?" ಎಂದು ಅನ್ವಿ ಕೇಳಿದಳು.

"ಬ್ಯಾಡ ನನ ಕೂಸ. ನಾವು ಭಾಳ ಮುಟ್ಟೇವಿ" ಎಂದಳು ಅಕ್ಕ.

ನಾನು ಕಟ್ಟೆಯ ಮೇಲೆ ಕುಳಿತು ಕಾಗದ ಬಿಚ್ಚಿ, ಅವಳ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ. ತಲೆ ಎತ್ತಿದಾಗ ಕಲ್ಲು ಅರ್ಧ ಆರಿತ್ತು, ಅನ್ವಿ ಇನ್ನೂ ಗಾಳಿಯಲ್ಲಿ ಬರೆಯುತ್ತಿದ್ದಳು.